ಅರವತ್ತು ಅಡಿಗೊಂದು ಕಲ್ಲು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಅನಂತರಾಮುವಿನ ಮದುವೆಯಲ್ಲಿ ಈ ಸಾವಿರದ ಪೈಕಿ ಒಂಬೈನೂರ ತೊಂಬತ್ತೊಂಬತ್ತನ್ನು ಅವನ ಸೋದರಮಾವನೂ ದೊಡ್ಡಪ್ಪನೂ ಹಂಚಿಕೊಂಡು ಹೇಳಿ ಮುಗಿಸಿದ್ದರು. ಮದುವೆಯ ಗಂಡಿಗೆ ಉಳಿದದ್ದು ಒಂದೇ ಒಂದು. ಅದನ್ನು ಅವನು ಹೆಣ್ಣು ನೋಡಲು ಹೋದ ದಿನ ಕೇಸರಿಭಾತಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

ಕೇಳಿದವನು ಹುಡುಗಿಯ ತಮ್ಮ ಸುಶಮೀಂದ್ರ, ಆಗಿನ್ನೂ ಹೈಸ್ಕೂಲಿನಲ್ಲಿದ್ದವನು. ಭಾವನಾಗಲಿರುವವರು ಯಾವ ಆಟ ಆಡುತ್ತಾರೆ ಎಂದು ಅವನಿಗೆ ಕುತೂಹಲ. ಕ್ರಿಕೆಟ್ ಎಂದರೆ ಈಗಲೇ ಹಿತ್ತಲಿಗೆ ಕರೆದುಕೊಂಡು ಹೋಗಿ ಬ್ಯಾಟು ಕೊಟ್ಟಾನು, ಚೆಸ್ ಎಂದರೆ ಒಳಗಿನಿಂದ ಮಣೆ ತಂದಾನು ಎಂದು ಯೋಚಿಸಿದ ಅನಂತರಾಮು, ಆ ಮನೆಯಲ್ಲಿ ಯಾರೂ ಕೇಳಿರಲಾರದ ಆಟವೊಂದನ್ನು ಹುಡುಕಿ, ತಾನು ಯೂನಿವರ್ಸಿಟಿಯ ಸಾಫ್ಟ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನೇ ತಾನು ಎಂದುಬಿಟ್ಟ. ನಿಜ ಏನೆಂದರೆ ಅವನು ಮರದ ನೆರಳಿನಲ್ಲಿ ಕುಳಿತು ಸ್ಕೋರು ಬರೆಯುತ್ತಿದ್ದ, ಆಟ ಮುಗಿದ ಮೇಲೆ ಚೆಂಡಿನ ಚೀಲ ಹೊರುತ್ತಿದ್ದ. ತಾನು ಬರೆಯದಿದ್ದರೆ ಪಿಚರ್ ಎಸೆದದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ, ಆದ್ದರಿಂದ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಎಂಬುದು ಅವನ ವಾದ.

ಈ ಸುಳ್ಳು ಅವನ ಸಂಸಾರಕ್ಕೆ ಹನ್ನೊಂದು ವರ್ಷ ಒಳ್ಳೆಯ ಸೇವೆ ಮಾಡಿತು. ನಾಗಮಂಗಲದ ದೇವಸ್ಥಾನದ ಬೀದಿಯ ಅವನ ಮನೆಯ ಹಿತ್ತಲಲ್ಲಿ ಐವತ್ತಡಿ ಆಳದ ಬಾವಿ ಇತ್ತು. ಮದುವೆಯಾದ ಮೂರನೆಯ ದಿನ ಹೆಂಡತಿ ಇಂದಿರ ಕೊಡ, ಹಗ್ಗ ತಂದು ಮುಂದಿಟ್ಟಾಗ ಅವನು ಬಲಭುಜ ಒತ್ತಿಕೊಂಡು, ಎಸೆದು ಎಸೆದು ಇದು ಹೋಗಿಬಿಟ್ಟಿದೆ ಎಂದ. ಅಂದಿನಿಂದ ನೀರು ಸೇದುವವಳು, ಹಿಟ್ಟು ರುಬ್ಬುವವಳು, ಅಕ್ಕಿ ಮೂಟೆ ಎಳೆಯುವವಳು ಎಲ್ಲ ಅವಳೇ. ಬೀದಿಯ ಹೆಂಗಸರು ಕೇಳಿದರೆ, ನಮ್ಮನೆಯವರು ಆಟಗಾರರು, ಭುಜಕ್ಕೆ ಹಳೇ ಪೆಟ್ಟು ಎಂದು ಒಂದು ಚೂರು ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಅನಂತರಾಮು ಒಳಗೆ ಕುಳಿತು ಕಾಫಿ ಕುಡಿಯುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದ.

ತೊಂಬತ್ತೈದರ ಜನವರಿಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಸುಶಮೀಂದ್ರ ಈಗ ಮೈಸೂರಿನಲ್ಲಿ ಬ್ಯಾಂಕಿನ ನೌಕರ. ಬ್ಯಾಂಕಿನವರೆಲ್ಲ ಸೇರಿ ಭಾನುವಾರಗಳಲ್ಲಿ ಸಾಫ್ಟ್‌ಬಾಲ್ ಆಡಲು ಶುರು ಮಾಡಿದ್ದಾರಂತೆ. ಬರುವ ಭಾನುವಾರ ಒಂಬತ್ತು ಜನ ವ್ಯಾನು ಮಾಡಿಕೊಂಡು ನಿಮ್ಮ ಕಡೆ ಬರುತ್ತೇವೆ, ನೀವೂ ಒಂಬತ್ತು ಜನ ಗೆಳೆಯರನ್ನು ಸೇರಿಸಿ, ತಮಾಷೆಗೆ ಒಂದು ಆಟ ಆಡೋಣ, ಭಾವ ಎಸೆಯುವುದನ್ನು ನೋಡಬೇಕು ಎಂದು ಬರೆದಿದ್ದ. ಕಾಗದವನ್ನು ಅನಂತರಾಮು ಒಡೆದಿದ್ದರೆ ಅದು ಬಚ್ಚಲೊಲೆಗೆ ಹೋಗುತ್ತಿತ್ತು. ಒಡೆದದ್ದು ಇಂದಿರ. ಅವನು ಮನೆಗೆ ಬರುವ ಹೊತ್ತಿಗೆ ಬೀದಿಯ ನಾಲ್ಕು ಮನೆಗೆ ಸುದ್ದಿ ಮುಟ್ಟಿತ್ತು, ಹದಿನೆಂಟು ಜನರ ಪುಳಿಯೋಗರೆಗೆ ಹುಣಸೆಹಣ್ಣು ನೆನೆಹಾಕುವ ಮಾತು ನಡೆಯುತ್ತಿತ್ತು.

ಅನಂತರಾಮು ಭುಜ ಒತ್ತಿಕೊಂಡು ನೋಡಿದ. ಒಂದು ದಿನಕ್ಕೆ ಏನೂ ಆಗಲ್ಲ, ನಾನು ಎಣ್ಣೆ ಹಚ್ಚಿ ತಿಕ್ಕಿಕೊಡ್ತೀನಿ ಎಂದಳು ಇಂದಿರ. ಅಲ್ಲಿಗೆ ಆ ದಾರಿ ಮುಚ್ಚಿತು.

ಅವನು ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗುಮಾಸ್ತ. ಅಲ್ಲಿನ ಬೀರುವಿನಲ್ಲಿ ಮೂರು ವರ್ಷದ ಹಿಂದೆ ಬಂದ ಸಾಫ್ಟ್‌ಬಾಲ್ ಸಾಮಾನು ಬಂದ ಹಾಗೇ ಇತ್ತು: ಎರಡು ಬ್ಯಾಟು, ಹತ್ತು ಗ್ಲೌಸು, ಎರಡು ಚೆಂಡು, ಇಂಗ್ಲಿಷಿನ ಒಂದು ರೂಲ್ಸು ಪುಸ್ತಕ. ಕ್ಯಾನ್ವಾಸಿನ ಬೇಸುಗಳನ್ನು ಮಾತ್ರ ಹೆಗ್ಗಣ ತಿಂದಿತ್ತು. ಬೀರು ಖಾಲಿಯಾದರೆ ಸಾಕು ಎಂದು ಹೆಡ್ಮಾಸ್ತರು ಸಂತೋಷದಿಂದ ಕೊಟ್ಟರು. ಗೆಳೆಯರನ್ನು ಸೇರಿಸುವುದೂ ಕಷ್ಟವಾಗಲಿಲ್ಲ. ಒಬ್ಬರೂ ಆಟ ಯಾವುದೆಂದು ಕೇಳಲಿಲ್ಲ, ಊಟ ಏನೆಂದು ಎಲ್ಲರೂ ಕೇಳಿದರು. ಜಾಗಕ್ಕೆ ಸಿಕ್ಕಿದವನು ಕುಮಾರ್, ಹೊಣಕೆರೆ ರಸ್ತೆಯ ಸೀಗೆಕೊಪ್ಪಲಿನವನು, ಅಲ್ಲಿಯ ಹಾಲಿನ ಡೈರಿಯ ಕಾರ್ಯದರ್ಶಿ. ಅವನ ಊರಿನ ಮುಂದೆ ದನ ಮೇಯುವ ಗೋಮಾಳವಿತ್ತು. ಬನ್ನಿ, ದನ ಆಚೆಗೆ ಅಟ್ಟಿಬುಟ್ರೆ ಆಯ್ತು ಎಂದ.

ಗುರುವಾರ ಮಧ್ಯಾಹ್ನ ಅನಂತರಾಮು ಅರ್ಧ ದಿನ ರಜೆ ಹಾಕಿ ಜಾಗ ಸಿದ್ಧ ಮಾಡಲು ಹೋದ. ಆಡಲು ಬಾರದವನಿಗೆ ನಿಯಮದ ಮೇಲೆ ಭಕ್ತಿ ಜಾಸ್ತಿ. ಪುಸ್ತಕದ ಪ್ರಕಾರ ಚೌಕದ ನಾಲ್ಕು ಮೂಲೆಗೆ ನಾಲ್ಕು ಬೇಸು, ಒಂದರಿಂದ ಒಂದಕ್ಕೆ ಅರವತ್ತು ಅಡಿ. ನಡುವೆ ಪಿಚರ್ ನಿಲ್ಲುವ ಜಾಗ. ಬ್ಯಾಟು ಹಿಡಿಯುವ ಮೂಲೆಯಿಂದ ಎರಡು ಕಡೆಗೂ ಉದ್ದಕ್ಕೆ ಎರಡು ಗೆರೆ. ಗೆರೆಯಾಚೆ ಹೋದ ಚೆಂಡು ಲೆಕ್ಕಕ್ಕಿಲ್ಲ. ಹೆಗ್ಗಣ ತಿಂದ ಬೇಸುಗಳ ಬದಲಿಗೆ ಕುಮಾರ್ ಡೈರಿ ಕಟ್ಟಡಕ್ಕೆ ತರಿಸಿ ಉಳಿದಿದ್ದ ಐದು ಕಲ್ಲು ಕೊಟ್ಟ. ಓಡುವವರು ಎಡವಬಾರದೆಂದು ಅವನ್ನು ಮುಕ್ಕಾಲು ಭಾಗ ನೆಲದಲ್ಲಿ ಹುಗಿದು, ದೂರಕ್ಕೆ ಕಾಣಲಿ ಎಂದು ತಲೆಗೆ ಸುಣ್ಣ ಬಳಿದರು. ಕಂಟ್ರಾಕ್ಟರೊಬ್ಬರ ಹತ್ತಿರ ಎರವಲು ತಂದ ಚರ್ಮದ ಡಬ್ಬಿಯ ಟೇಪಿನಲ್ಲಿ ಅನಂತರಾಮು ಪ್ರತಿ ಬದಿಯನ್ನೂ ಮೂರು ಮೂರು ಸಲ ಅಳೆದ. ತಲೆಯ ಮೇಲೆ ಹ್ಯಾಟು, ಕಂಕುಳಲ್ಲಿ ಇಂಗ್ಲಿಷ್ ಪುಸ್ತಕ, ಕಿವಿಯಲ್ಲಿ ಪೆನ್ಸಿಲ್ಲು.

ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ಹೆಸರಿಡುವುದು ತಡವಾದೀತು, ಬಯಲಿನಲ್ಲಿ ಸುಣ್ಣದ ಕಲ್ಲು ನೆಟ್ಟರೆ ಅದಕ್ಕೆ ಅರ್ಥ ಕಟ್ಟುವುದು ತಡವಾಗುವುದಿಲ್ಲ. ಜಮೀನಿನ ಎಲ್ಲೆಗೆ ಸರ್ಕಾರ ನೆಡುವ ಬಾಂದು ಕಲ್ಲು ಹೀಗೇ ಇರುತ್ತದೆ. ಬಾಂದು ಕಲ್ಲು ಕಿತ್ತವನ ವಂಶ ಉಳಿಯುವುದಿಲ್ಲ ಎಂಬುದು ನಂಬಿಕೆ, ಅವನ ಮೇಲಿನ ಕೇಸು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ ಎಂಬುದು ಅನುಭವ. ಅದೂ ಅಲ್ಲದೆ ಎಲೆಕ್ಷನ್ ಮುಗಿದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಗೆದ್ದವರೂ ಸೋತವರೂ ಸೀಗೆಕೊಪ್ಪಲಿಗೆ ಬಂದು, ಮನೆಯಿಲ್ಲದವರಿಗೆ ಸೈಟು ಕೊಡಿಸುತ್ತೇವೆ ಎಂದು ಕೈಮುಗಿದು ಹೋಗಿದ್ದರು.

ಮೊದಲು ಬಂದವನು ಕೆಂಪಣ್ಣ. ಊರಿನಲ್ಲಿ ಟೀ ಅಂಗಡಿ ಇಟ್ಟವನು, ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಒಂದರಲ್ಲೇ ಪಾಸಾದವನು. ಎಷ್ಟು ಅಡಿ ಸ್ವಾಮಿ ಎಂದು ಕೇಳಿದ. ಅರವತ್ತು, ನಾಲ್ಕೂ ಕಡೆ ಎಂದ ಅನಂತರಾಮು. ಎಷ್ಟು ಜನಕ್ಕೆ ಎಂದರೆ, ಒಂಬತ್ತು ಒಂಬತ್ತು ಹದಿನೆಂಟು ಜನಕ್ಕೆ ಎಂದ. ಇನ್ನೂ ನಾಲ್ಕು ಹೆಸರು ಸೇರಿಸೋಕಾಗಲ್ವಾ ಎಂದರೆ, ಹೆಚ್ಚುವರಿ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬಹುದು, ಯಾರಾದರೂ ಬಿಟ್ಟರೆ ಅವರ ಜಾಗಕ್ಕೆ ಹಾಕಿಕೊಳ್ಳಬಹುದು ಎಂದು ಪುಸ್ತಕ ನೋಡಿ ಹೇಳಿದ. ಯಾವಾಗ ಎಂದರೆ, ಭಾನುವಾರ ಹತ್ತು ಗಂಟೆಗೆ, ಎಲ್ಲರೂ ಬನ್ನಿ ಎಂದು ಬಾಯ್ತುಂಬ ಕರೆದ.

ಹತ್ತು ನಿಮಿಷದಲ್ಲಿ ಒಂದು ಕುರ್ಚಿ ಬಂತು. ಎಳನೀರು ಬಂತು. ಹದಿನೈದು ವರ್ಷದ ಸರ್ವಿಸಿನಲ್ಲಿ ಅನಂತರಾಮು ಬಂದವರಿಗೆಲ್ಲ ಎದ್ದು ಕುರ್ಚಿ ಕೊಟ್ಟಿದ್ದನೇ ಹೊರತು ತನಗಾಗಿ ಯಾರೂ ಕುರ್ಚಿ ಹೊತ್ತು ತಂದದ್ದನ್ನು ಕಂಡಿರಲಿಲ್ಲ. ಹಳ್ಳಿಯ ಜನಕ್ಕೆ ಕ್ರೀಡೆಯ ಮೇಲೆ ಇರುವ ಗೌರವ ಪೇಟೆಯವರಿಗಿಲ್ಲ ಎಂದುಕೊಂಡು ಕುಳಿತ. ಸಾಹೇಬ್ರೇ ಎಂದು ಯಾರೋ ಕರೆದರು, ಬೇಡವೆನ್ನಲಿಲ್ಲ.

ಅವನು ಬಸ್ಸು ಹತ್ತಿದ ಮೇಲೆ ಕೆಂಪಣ್ಣ ಅಂಗಡಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಲೆಕ್ಕ ಮಾಡಿದ. ಅರವತ್ತು ಅರವತ್ತಲಿ ಮೂರು ಸಾವಿರದ ಆರುನೂರು. ಮೂವತ್ತು ನಲವತ್ತರ ಸೈಟು ಸಾವಿರದ ಇನ್ನೂರು. ಸರಿಯಾಗಿ ಮೂರು ಸೈಟು, ಒಂದಡಿ ಹೆಚ್ಚಿಲ್ಲ, ಒಂದಡಿ ಕಮ್ಮಿಯಿಲ್ಲ. ಹದಿನೆಂಟು ಜನಕ್ಕೆ ಇಂಥ ಆರು ಚೌಕ. ನಡುವಿನ ಒಂಟಿ ಕಲ್ಲು ಬೋರ್‌ವೆಲ್ಲಿನ ಜಾಗ. ಲೆಕ್ಕ ಇಷ್ಟು ಚೊಕ್ಕವಾಗಿ ಬಂದ ಮೇಲೆ ಅದು ಸುಳ್ಳಾಗುವುದು ಹೇಗೆ? ಊರು ಒಪ್ಪಿತು.

ಒಪ್ಪಿದರೂ ನಿದ್ದೆ ಕೆಟ್ಟವನು ಚಲುವಯ್ಯ. ಅವನದು ಗೋಮಾಳದ ಮಗ್ಗುಲಲ್ಲಿ ನಾಲ್ಕೆಕರೆ ಜಮೀನು. ಅವನ ಅಪ್ಪನ ಕಾಲದಲ್ಲಿ ನಾಲ್ಕೆಕರೆ ಇದ್ದದ್ದು ಅವನ ಕಾಲದಲ್ಲಿ ಬೇಲಿಯ ಸಮೇತ ವರ್ಷವರ್ಷ ಒಂದೊಂದು ಗಜ ನಡೆದು ಆರೂವರೆ ಎಕರೆಯಾಗಿತ್ತು. ಊರಿನವರು ಅರ್ಜಿ ಕೊಟ್ಟು ಸುಸ್ತಾಗಿದ್ದರು. ಈಗ ಅನಂತರಾಮು ಎಳೆದಿದ್ದ ಸುಣ್ಣದ ಎರಡು ಗೆರೆಗಳಲ್ಲಿ ಒಂದು ನೆಟ್ಟಗೆ ಬೇಲಿ ದಾಟಿ, ಕೊಯ್ಲಿಗೆ ಬಂದ ಹುರುಳಿಯ ನಡುವೆ ಇಪ್ಪತ್ತಡಿ ಹೋಗಿ ನಿಂತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನೊಬ್ಬನೇ ಆಗಿದ್ದರಿಂದ, ಆ ಗೆರೆಯ ಅರ್ಥವೂ ಅವನೊಬ್ಬನಿಗೇ ಹೊಳೆಯಿತು.

ಶುಕ್ರವಾರ ಸಂಜೆ ಕುಮಾರ್ ಗಾಬರಿಯಿಂದ ಬಂದು ಅನಂತರಾಮುವಿಗೆ ಎಲ್ಲ ಹೇಳಿದ. ಮೂವತ್ತು ಮನೆಯವರು ಆಗಲೇ ಬಯಲಿನಲ್ಲಿ ಜಾಗ ಹಿಡಿದು ಚಾಪೆ ಹಾಸಿದ್ದಾರೆ, ಬೆಳಗ್ಗೆಯೇ ಹೋಗಿ ಇದು ಆಟ ಎಂದು ಹೇಳಿಬಿಡೋಣ ಎಂದ. ಅನಂತರಾಮುವಿನ ಎದೆ ಮೊದಲು ಧಸಕ್ಕೆಂದಿತು. ಮರುಕ್ಷಣವೇ ಅದು ಹಗುರಾಯಿತು. ಬಯಲಿನ ತುಂಬ ಜನ ಕುಳಿತಿದ್ದರೆ ಆಟ ಆಡುವುದು ಹೇಗೆ? ಆಟವಿಲ್ಲದಿದ್ದರೆ ಎಸೆಯುವುದೆಲ್ಲಿ? ಭಾವಮೈದುನ ಪುಳಿಯೋಗರೆ ತಿಂದು ಮೈಸೂರಿಗೆ ಹೋಗುತ್ತಾನೆ, ಭುಜ ಹಾಗೆಯೇ ಉಳಿಯುತ್ತದೆ. ಅವನು ಕುಮಾರನನ್ನು ಕೂರಿಸಿ, ಅವರಾಗಿ ಅವರು ಏನೋ ಅಂದುಕೊಂಡರೆ ನಾವೇಕೆ ಬಾಯಿ ಹಾಕಬೇಕು, ಭಾನುವಾರ ತಾನಾಗಿ ಗೊತ್ತಾಗುತ್ತದೆ ಎಂದು ತಿಳಿಹೇಳಿದ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಸ್ವಂತ ಮರ್ಯಾದೆ ಉಳಿಸಿಕೊಳ್ಳಲು ಊರಿಗೆ ಊರನ್ನೇ ಬಿಸಿಲಲ್ಲಿ ಕೂರಿಸಿದವನಿಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತೆಂಬುದನ್ನು ನಾಚಿಕೆಯಿಂದ ದಾಖಲಿಸಬೇಕಾಗಿದೆ.

ಶನಿವಾರ ಅವನು ಸ್ಕೂಲಿನಲ್ಲಿದ್ದಾಗ ಚಲುವಯ್ಯ ಒಂದು ಗೊನೆ ಬಾಳೆಹಣ್ಣು, ಎರಡು ಕುಂಬಳಕಾಯಿ ಹೊರಿಸಿಕೊಂಡು ಮನೆಗೆ ಬಂದ. ಗಂಡನ ಆಟ ನೋಡಲು ಜನ ಇಷ್ಟು ದೂರದಿಂದ ಕಾಣಿಕೆ ತರುತ್ತಾರಲ್ಲ ಎಂದು ಇಂದಿರಳಿಗೆ ಕಣ್ಣು ತುಂಬಿ ಬಂತು. ಒಳಗೆ ಕರೆದು ಕಾಫಿ ಕೊಟ್ಟಳು. ಚಲುವಯ್ಯ ಜಗಲಿಯ ತುದಿಯಲ್ಲಿ ಮುದುಡಿ ಕುಳಿತು ವಿಷಯಕ್ಕೆ ಬಂದ.

"ತಾಯೀ, ಆ ಸುಣ್ಣದ್ ಗೆರೆಯ ವಸಿ ಈಚೆಗೆ ತಂದ್ರೆ ನಾನು ಬದುಕ್ಕತೀನಿ. ಸಾಹೇಬ್ರಿಗೆ ನೀವೊಂದು ಮಾತು ಯೋಳ್ಬೇಕು."

"ಗೆರೆ ವಿಷಯದಲ್ಲಿ ಅವರು ಯಾರ ಮಾತೂ ಕೇಳಲ್ಲಪ್ಪ. ಎಲ್ಲ ಪುಸ್ತಕದಲ್ಲಿರೋ ಹಾಗೇ ಆಗ್ಬೇಕು" ಎಂದಳು ಇಂದಿರ. ತಮ್ಮನಿಂದ ಕಲಿತ ನಿಯಮವೊಂದು ನೆನಪಾಗಿ ಅದನ್ನೂ ಸೇರಿಸಿದಳು. "ಗೆರೆಯಿಂದ ಆಚೆ ಹೋಗಿದ್ದು ಏನಿದ್ರೂ ಲೆಕ್ಕಕ್ಕೇ ಇಲ್ವಂತೆ."

ಚಲುವಯ್ಯ ಲೋಟ ಕೆಳಗಿಟ್ಟ. ಬೇರೆ ಯಾರಾದರೂ ದೊಡ್ಡವರು ಬರುತ್ತಾರೋ ಎಂದು ಕೇಳಿದ. ಮೈಸೂರಿನಿಂದ ಬ್ಯಾಂಕಿನವರು ಒಂಬತ್ತು ಜನ ಬರುತ್ತಾರೆ, ವ್ಯಾನು ಮಾಡಿದ್ದಾರೆ ಎಂದು ಅವಳು ಸಂಭ್ರಮದಿಂದ ಹೇಳಿದಳು. ಆರೂವರೆ ಎಕರೆಯ ಪತ್ರ ತೋರಿಸಿ ಬೆಳೆಸಾಲ ತೆಗೆದಿದ್ದ ಚಲುವಯ್ಯ ಕಾಫಿ ಪೂರ್ತಿ ಕುಡಿಯಲಿಲ್ಲ. ಊರಿಗೆ ಹೋಗಿ ಆಳುಗಳನ್ನು ಸೇರಿಸಿ, ಕತ್ತಲಾಗುವುದರೊಳಗೆ ಹುರುಳಿ ಕಿತ್ತು, ಬೇಲಿಯನ್ನು ಅಪ್ಪನ ಕಾಲದ ಜಾಗಕ್ಕೆ ತಂದು ನೆಟ್ಟ.

ಭಾನುವಾರ ಹತ್ತು ಗಂಟೆಗೆ ವ್ಯಾನು ಬಂದಾಗ ಗೋಮಾಳದಲ್ಲಿ ಇನ್ನೂರು ಜನಕ್ಕೆ ಕಮ್ಮಿಯಿರಲಿಲ್ಲ. ಒಂದೊಂದು ಮನೆಯವರು ಒಂದೊಂದು ಜಾಗದಲ್ಲಿ ಚಾಪೆ, ಒರಳುಕಲ್ಲು, ಕೋಳಿಪಂಜರ ಇಟ್ಟುಕೊಂಡು ಕುಳಿತಿದ್ದರು. ಪಿಚರ್ ನಿಲ್ಲುವ ಕಲ್ಲಿನ ಹಿಂದೆ, ಎರಡನೆಯ ಬೇಸಿನ ಹತ್ತಿರ, ದ್ಯಾವಮ್ಮ ಎಂಬ ಹೆಂಗಸು ಮೂರು ಕಲ್ಲಿನ ಒಲೆ ಹೂಡಿ ಗಡಿಗೆಯಲ್ಲಿ ಅಂಬಲಿ ಕಾಯಿಸುತ್ತಿದ್ದಳು. ಒಂದೇ ಅಂಕಣದ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸೇರಿ ಹನ್ನೊಂದು ಜನ ಮಲಗುವಲ್ಲಿ, ಹನ್ನೊಂದನೆಯವಳಾಗಿ ಹೊಸಿಲಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದವಳು ಅವಳು. ಸೈಟಿಗೆ ಅವಳು ಹೆಬ್ಬೆಟ್ಟು ಒತ್ತಿದ ಅರ್ಜಿಗಳು ಒಂಬತ್ತು.

ಸುಶಮೀಂದ್ರ ಬಿಟ್ಟ ಬಾಯಿ ಬಿಟ್ಟಂತೆ ನಿಂತು, ಭಾವ, ನಿಮ್ಮ ಆಟ ನೋಡೋಕೆ ಇಷ್ಟು ಜನವಾ ಎಂದ. ಅನಂತರಾಮು ವಿನಯದಿಂದ ತಲೆ ತಗ್ಗಿಸಿದ. ಹಳ್ಳಿಯ ಜನ, ಅಭಿಮಾನ, ಏಳಿ ಎಂದರೆ ನೊಂದುಕೊಳ್ಳುತ್ತಾರೆ, ಇವತ್ತು ಆಟದ ಯೋಗವಿಲ್ಲ, ಊಟ ಮಾಡಿಬಿಡೋಣ ಎಂದು ನಿಟ್ಟುಸಿರು ಬಿಟ್ಟ. ಇಂದಿರ ಪುಳಿಯೋಗರೆಯ ಪಾತ್ರೆಯ ಮುಚ್ಚಳ ತೆಗೆಯಲು ಬಗ್ಗಿದಳು. ಹನ್ನೊಂದು ವರ್ಷದ ಸುಳ್ಳು ಇನ್ನೊಂದು ಹನ್ನೊಂದು ವರ್ಷಕ್ಕೆ ನವೀಕರಣಗೊಳ್ಳಲು ಒಂದು ನಿಮಿಷ ಬಾಕಿಯಿತ್ತು.

ಆಗ ಲೂನಾ ಒಂದು ಬಂದು ನಿಂತಿತು. ಇಳಿದವನು ಆ ವೃತ್ತದ ವಿಲೇಜ್ ಅಕೌಂಟೆಂಟ್ ರಘುನಂದನ್. ತನ್ನ ವ್ಯಾಪ್ತಿಯ ಸರ್ಕಾರಿ ಜಮೀನನ್ನು ತನಗೇ ಹೇಳದೆ ಅಳೆದವರು ಯಾರು ಎಂಬ ಸಿಟ್ಟಿಗೆ ಅವನ ಮೀಸೆ ಅದುರುತ್ತಿತ್ತು. ಜನ ಬೆರಳು ತೋರಿಸಿದ ಕಡೆ ನೆಟ್ಟಗೆ ನಡೆದು, ಯಾವ ಇಲಾಖೆ, ಆರ್ಡರು ಎಲ್ಲಿ ಎಂದು ಕೇಳಿದ. ಅಧಿಕಾರಿ ಅಲ್ಲದವನು ಅಧಿಕಾರಿ ಅಂತ ಹೇಳಿಕೊಂಡರೆ ಯಾವ ಸೆಕ್ಷನ್ನು, ಎಷ್ಟು ವರ್ಷ ಎಂಬುದನ್ನೂ ತಿಳಿಸಿದ.

ಅನಂತರಾಮು ಕೈಮುಗಿದ. ಇದು ಆಟಕ್ಕೆ ನೆಟ್ಟ ಕಲ್ಲು, ತಾನು ಬರೀ ಸ್ಕೂಲ್ ಗುಮಾಸ್ತ ಎಂದ. ಆಗ ಎದ್ದು ನಿಂತವನು ಕೆಂಪಣ್ಣ. ಆಟ ಆಡಲು ಯಾರಾದರೂ ಟೇಪು ಹಿಡಿಯುತ್ತಾರೆಯೇ? ಗೋಲಿಗೆ, ಚಿನ್ನಿದಾಂಡಿಗೆ, ಕಬಡ್ಡಿಗೆ ಈ ಊರಿನಲ್ಲಿ ಯಾರಾದರೂ ಮೂರು ಮೂರು ಸಲ ಅಳೆದದ್ದುಂಟೇ? ಇಲ್ಲವೆಂದು ಜನ ಗೊಣಗತೊಡಗಿದರು. ರಘುನಂದನ್ ಎರಡು ಕಡೆಗೂ ನೋಡಿ ತೀರ್ಪು ಕೊಟ್ಟ.

"ಆಟ ಅಂತೀರಲ್ಲ, ಆಡಿ ತೋರ್ಸಿ. ಆಟ ಆದ್ರೆ ನಾನೂ ನೋಡ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಸ್ಟೇಷನ್ನಿಗೆ ನಡೀರಿ."

ಜನ ನಡುವಿನಿಂದ ಎದ್ದು ಅಂಚಿಗೆ ಸರಿದರು. ದ್ಯಾವಮ್ಮ ಮಾತ್ರ ಒಲೆ ಬಿಟ್ಟು ಏಳಲಿಲ್ಲ. ಸುಶಮೀಂದ್ರ ಬ್ಯಾಟು ಹಿಡಿದು ನಿಂತ. ಇಂದಿರ ಸೆರಗು ಸಿಕ್ಕಿಸಿಕೊಂಡು ಮುಂದಿನ ಸಾಲಿಗೆ ಬಂದಳು. ಅನಂತರಾಮು ಚೆಂಡು ಹಿಡಿದು ಕಲ್ಲಿನ ಮೇಲೆ ಕಾಲಿಟ್ಟ. ಚೆನ್ನಾಗಿ ಎಸೆದರೆ ಜೈಲು ತಪ್ಪುತ್ತದೆ, ಹೆಂಡತಿಯೂ ಉಳಿಯುತ್ತಾಳೆ. ಎಸೆಯದಿದ್ದರೆ ಎರಡೂ ಇಲ್ಲ. ಮನುಷ್ಯನೊಬ್ಬನ ಇಡೀ ಬಾಳು ಒಂದು ಚೆಂಡಿಗೆ ಬಂದು ನಿಲ್ಲುವುದು ಅಪರೂಪ.

ಸಾಫ್ಟ್‌ಬಾಲ್ ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಅದನ್ನು ಅನಂತರಾಮು ಸಾವಿರ ಸಲ ನೋಡಿದ್ದ, ಬರೆದೂ ಇದ್ದ. ಮೊದಲನೆಯ ಚೆಂಡು ನೆಟ್ಟಗೆ ಆಕಾಶಕ್ಕೆ ಹೋಯಿತು. ಎಲ್ಲರೂ ಕತ್ತೆತ್ತಿದರು. ಅದು ಬಹಳ ಹೊತ್ತಿನ ಮೇಲೆ ಅವನ ಹ್ಯಾಟಿನ ಪಕ್ಕದಲ್ಲೇ ಬಿತ್ತು. ಎರಡನೆಯದು ಬಲಕ್ಕೆ ಹೋಗಿ ರಘುನಂದನನ ಲೂನಾದ ದೀಪ ಒಡೆಯಿತು. ನೆಲ ಸಮ ಇಲ್ಲ ಎಂದ ಅನಂತರಾಮು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಹೆಂಗಸರ ಕಡೆಯಿಂದ ಯಾರೋ ಅಂದರು. ಮೂರನೆಯದಕ್ಕೆ ಅವನು ಇದ್ದಬದ್ದ ಬಲವನ್ನೆಲ್ಲ ಹಾಕಿ ತೋಳನ್ನು ಹಿಂದಕ್ಕೆ ಎಳೆದ. ಚೆಂಡು ಮುಂದಕ್ಕೆ ಬರುವವರೆಗೆ ಕಾಯದೆ ಹಿಂದೆಯೇ ಹೊರಟು ದ್ಯಾವಮ್ಮನ ಗಡಿಗೆಗೆ ತಗಲಿತು. ಅಂಬಲಿ ಎರಡನೆಯ ಬೇಸಿನ ಮೇಲೆ ಹರಿಯಿತು.

ಕೆಂಪಣ್ಣ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ.

"ನೋಡಿದ್ರೇನ್ರಪ್ಪ. ಈವಯ್ಯಂಗೆ ಯಾವ ಆಟನೂ ಬರಾಕಿಲ್ಲ. ಬಂದಿರೋದು ಅಳ್ಯಾಕೇ. ಮೇಲಿಂದ ಗುಟ್ಟಾಗಿ ಕಳಿಸವ್ರೆ, ಅದ್ಕೇ ಆಟದ ನೆಪ ಕಟ್ಕಂಡವ್ರೆ."

ಹೌದು ಹೌದು ಎಂದಿತು ಬಯಲು. ಇದೇ ಹೊತ್ತಿಗೆ ಚಲುವಯ್ಯ ಹಿಂದಿನಿಂದ ನುಗ್ಗಿ ಬಂದು ಅನಂತರಾಮುವಿನ ಮುಂದೆ ಕೈಮುಗಿದ. ತಾನು ಬೇಲಿಯನ್ನು ಅಪ್ಪನ ಕಾಲದ ಜಾಗಕ್ಕೇ ಹಾಕಿಕೊಂಡಿರುವುದಾಗಿ, ಎರಡೂವರೆ ಎಕರೆ ಬಿಟ್ಟಿರುವುದಾಗಿ, ಬ್ಯಾಂಕಿನ ಒಂಬತ್ತು ಸಾಹೇಬರೂ ಬೇಕಾದರೆ ನೋಡಬಹುದೆಂದು ಎಲ್ಲರ ಎದುರಿಗೇ ಒಪ್ಪಿಸಿದ. ಬ್ಯಾಂಕಿನ ಒಂಬತ್ತು ಜನ ಗ್ಲೌಸು ಹಾಕಿಕೊಂಡ ಕೈಯಲ್ಲೇ ನಮಸ್ಕಾರ ಮಾಡಿದರು.

ಈಗ ಬೆವರಿದವನು ರಘುನಂದನ್. ಚಲುವಯ್ಯನ ಬೇಲಿಯ ಮೇಲೆ ಅರ್ಜಿ ಬಂದಾಗಲೆಲ್ಲ ಸ್ಥಳ ಪರಿಶೀಲಿಸಿದೆ, ಒತ್ತುವರಿ ಕಂಡುಬಂದಿಲ್ಲ ಎಂದು ಬರೆದು ರುಜು ಹಾಕಿದ್ದವನು ಅವನೇ. ಈ ಗುಮಾಸ್ತನ ಮೇಲೆ ಕೇಸು ಹಾಕಿದರೆ ಮಹಜರು ಬರೆಯಬೇಕು. ಮಹಜರು ಬರೆದರೆ ನಿನ್ನೆಯವರೆಗೆ ಇಲ್ಲದಿದ್ದ ಎರಡೂವರೆ ಎಕರೆ ಇವತ್ತು ಎಲ್ಲಿಂದ ಬಂತು ಎಂಬುದನ್ನೂ ಬರೆಯಬೇಕು. ಅವನು ಒಡೆದ ದೀಪದ ಕಡೆ ಒಮ್ಮೆ ನೋಡಿ, ಆಟ ಚೆನ್ನಾಗಿದೆ, ಮುಂದುವರಿಸಿ ಎಂದು ಲೂನಾ ತಳ್ಳಿಕೊಂಡು ಹೊರಟ.

ಹೀಗೆ ಜೈಲು ತಪ್ಪಿತು. ಉಳಿದದ್ದು ಇಂದಿರ. ಪುಳಿಯೋಗರೆಯನ್ನು ಅವಳು ಬಡಿಸಿದ ರೀತಿಯಲ್ಲೇ ಏನೋ ಇತ್ತು. ಒಳ್ಳೆಯ ಹುಡುಗನಾದ ಸುಶಮೀಂದ್ರ, ಭಾವನಿಗೆ ಭುಜದ ನೋವು, ಅದಕ್ಕೇ ಹಾಗಾಯಿತು ಎಂದು ಅಕ್ಕನ ಮುಂದೆ ಎರಡು ಸಲ ಹೇಳಿದ. ಅವಳು ಎರಡು ಸಲವೂ ಅನ್ನ ಬಡಿಸಿದಳು. ಮನೆಗೆ ಬಂದು, ಪಾತ್ರೆ ತೊಳೆದು ಕವುಚಿ ಹಾಕಿದ ಮೇಲೆ ಬಾವಿಯ ಹಗ್ಗ ತಂದು ಗಂಡನ ಮುಂದಿಟ್ಟಳು.

"ಹನ್ನೊಂದು ವರ್ಷ ನಾನು ಸೇದಿದೀನಿ. ಇನ್ಮೇಲೆ ನೀವು. ನನಗೆ ಹೇಳಿದ ಸುಳ್ಳು ಇವತ್ತಿಗೆ ಮುಗೀತು. ಆ ದ್ಯಾವಮ್ಮನಿಗೆ ಹೇಳಿದ್ದು ಇನ್ನೂ ಮುಗಿದಿಲ್ಲ. ಪಾಪ, ಸೈಟು ಅಂತ ನಂಬ್ಕೊಂಡು ಕೂತಿದಾಳೆ. ಹೋಗಿ ನಿಮ್ಮ ಬಾಯಲ್ಲೇ ಹೇಳಿ ಬನ್ನಿ."

ತಾನು ಸೈಟು ಎಂದು ಯಾವತ್ತೂ ಹೇಳಲೇ ಇಲ್ಲವಲ್ಲ ಎಂದು ಅನಂತರಾಮು ವಾದಿಸಲು ಹೊರಟ. ಅಲ್ಲವೆಂದೂ ಹೇಳಲಿಲ್ಲವಲ್ಲ ಎಂದಳು ಅವಳು. ಶುಕ್ರವಾರ ಸಂಜೆ ಜಗಲಿಯಲ್ಲಿ ಕುಮಾರನಿಗೆ ಹೇಳಿದ ಬುದ್ಧಿಮಾತು ಅಡಿಗೆಮನೆಗೂ ಕೇಳಿಸಿತ್ತು. ಅದರ ಅರ್ಥ ಮಾತ್ರ ಅವಳಿಗೆ ಇವತ್ತು ಆಗಿತ್ತು.

ವಾರವೆಲ್ಲ ನೀರು ಸೇದಿ ನಿಜವಾಗಿಯೇ ನೋಯುತ್ತಿದ್ದ ಭುಜವನ್ನು ಹೊತ್ತುಕೊಂಡು, ಹೊಸ ಗಡಿಗೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಮುಂದಿನ ಭಾನುವಾರ ಸೀಗೆಕೊಪ್ಪಲಿನಲ್ಲಿ ಬಸ್ಸು ಇಳಿದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ್ದ. ಗೋಮಾಳದಲ್ಲಿ ಆಗಲೇ ಹದಿನೆಂಟು ಗುಡಿಸಲು ಎದ್ದಿದ್ದವು. ಕೆಂಪಣ್ಣನ ಲೆಕ್ಕದ ಪ್ರಕಾರ ಚೌಕಕ್ಕೆ ಮೂರು. ಎರಡನೆಯ ಬೇಸಿನ ಪಕ್ಕದಲ್ಲಿ ನಾಲ್ಕು ಕಂಬ, ತೆಂಗಿನ ಗರಿಯ ಮಾಡು, ಸಾರಿಸಿದ ನೆಲ. ದ್ಯಾವಮ್ಮ ಬಾಗಿಲಲ್ಲಿ ಕುಳಿತು ಹುರುಳಿ ಕೇರುತ್ತಿದ್ದಳು. ಕೂರಲು ಗೋಣಿತಾಟು ಹಾಸಿದಳು. ಅನಂತರಾಮುವಿಗೆ ಬಾಯಿಪಾಠ ಮರೆತು ಹೋಯಿತು.

ತಾನು ಆಫೀಸರ್ ಅಲ್ಲ ಎಂದ. ಸರ್ವೆಯವನೂ ಅಲ್ಲ, ಸರ್ಕಾರ ಯಾರಿಗೂ ಯಾವ ಸೈಟನ್ನೂ ಮಂಜೂರು ಮಾಡಿಲ್ಲ, ನಾಳೆ ಯಾರಾದರೂ ಬಂದು ಎಬ್ಬಿಸಬಹುದು, ಇದೆಲ್ಲ ತನ್ನದೇ ತಪ್ಪು ಎಂದ. ಆಟಗಾರನೂ ಅಲ್ಲ ಎಂಬುದನ್ನು ಹೇಳಬೇಕಾದ ಅಗತ್ಯವಿರಲಿಲ್ಲ, ಆದರೂ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಮೊರ ಒಂದು ಕ್ಷಣ ನಿಂತಿತು.

"ಅದು ನಂಗೆ ಗುರುವಾರನೇ ಗೊತ್ತಿತ್ತು ಬುಡಿ ಅಯ್ನೋರೆ" ಎಂದಳು ದ್ಯಾವಮ್ಮ. "ಆಪೀಸರ್ ಆಗಿದ್ರೆ ಕೈಗೆ ಏನೂ ಬೀಳ್ದೆ ಕಲ್ಲು ನೆಡ್ತಿದ್ರಾ? ಮಿಕ್ಕೋರ್ಗೆ ನೀವು ಚೆಂಡು ಎಸ್ದಾಗ ಗೊತ್ತಾಯ್ತು. ಕೆಂಪಣ್ಣ ಅವತ್ತು ಕೂಗಿದ್ದು ಸುಮ್ಕೆ ಅಂದ್ಕಂಡ್ರಾ?"

ಅವಳು ಮತ್ತೆ ಹುರುಳಿ ಕೇರತೊಡಗಿದಳು.

"ಊರ್ಗೆಲ್ಲ ಗೊತ್ತು. ಗೊತ್ತಿಲ್ದೇ ಇರೋನು ಚಲುವಯ್ಯ ಒಬ್ನೇ. ಆ ಲೂನಾ ಶ್ಯಾನುಭೋಗಂಗೆ ಗೊತ್ತಿದ್ರೂ ಬಾಯ್ ಬುಡಂಗಿಲ್ಲ. ಒಂಬತ್ತು ಅರ್ಜಿ ಕೊಟ್ಟೆ, ಒಂದು ಕಲ್ಲು ಬರ್ನಿಲ್ಲ. ನೀವು ಬಂದ್ರಿ, ಐದು ಕಲ್ಲು ನೆಟ್ರಿ. ಈಗ ಊರ್ ತುಂಬ ನಿಜ ಯೋಳ್ಕಂಡು ತಿರುಗ್ಬ್ಯಾಡಿ. ಇಲ್ಲೀಗಂಟ ಬಂದಿದ್ದೀರಲ್ಲ, ನಮ್ಮ ಸಣ್ಣ ಸೊಸೆಗೂ ಒಂದು ಜಾಗ ಅಳ್ದು ಹೋಗಿ."

ಟೇಪು ತಂದಿಲ್ಲ ಎಂದ ಅನಂತರಾಮು, ಬೇರೇನೂ ತೋಚದೆ. ಕಾಲಿಲ್ಲವಾ ಎಂದಳು ಅವಳು.

ಅವನು ಎದ್ದು ಪಂಚೆ ಎತ್ತಿ ಕಟ್ಟಿಕೊಂಡು, ಗುಡಿಸಲಿನ ಕಂಬದಿಂದ ಹೊರಟು ಗಟ್ಟಿಯಾಗಿ ಎಣಿಸುತ್ತ ಹೆಜ್ಜೆ ಹಾಕಿದ. ಇಪ್ಪತ್ತನೆಯ ಹೆಜ್ಜೆಗೆ ಹೊಸ ಬೇಲಿ ಎದುರಾಯಿತು. ಬೇಲಿಯಾಚೆ ಉಳುತ್ತಿದ್ದ ಚಲುವಯ್ಯ ಎತ್ತು ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೈಮುಗಿದು ನಿಂತ. ಅನಂತರಾಮು ಅವನ ಕಡೆ ನೋಡದೆ ಬೇಲಿ ದಾಟಿ ಇನ್ನೂ ನಾಲ್ಕು ಹೆಜ್ಜೆ ಎಣಿಸಿದ.